ಮನೆಗೆ ಪೂಲ್ ಟೇಬಲ್: ಎಷ್ಟಡಿ ತಗೋಬೇಕು, ಪಾಕೆಟ್ ಎಷ್ಟಿಂಚು ಇರ್ಬೇಕು

ಮನೆಗೆ ಪೂಲ್ ಟೇಬಲ್ ತಗೊಳ್ಳೋಕೆ ಹೋದೋರು ಮೊದಲು ಕೇಳೋದು ರೇಟು, ಆಮೇಲೆ ಬಟ್ಟೆ ಹಸಿರು ಇರ್ಲಾ ನೀಲಿ ಇರ್ಲಾ, ಕಾಲಿಗೆ ಕೆತ್ತನೆ ಬೇಕಾ ಬೇಡ್ವಾ, ಇಷ್ಟರಲ್ಲೇ ಒಂದು ಗಂಟೆ ಹೋಗತ್ತೆ. ಬಾಲ್ ಬೀಳೋ ಪಾಕೆಟ್ ಬಾಯಿ ಎಷ್ಟಗಲ ಅಂತ ಯಾರೂ ಕೇಳಲ್ಲ. ನಾನೂ ಕೇಳಿರ್ಲಿಲ್ಲ. ಮೈಸೂರಲ್ಲಿ ಮನೆ ಮೇಲೆ ಒಂದು ದೊಡ್ಡ ರೂಮ್ ಕಟ್ಟಿಸಿದ್ವಿ, ಕಾಲೇಜ್ ದಿನದ ಪೂಲ್ ಪಾರ್ಲರ್ ಹುಚ್ಚು ಮತ್ತೆ ತಲೆಗೇರಿ 8 ಅಡಿ ಟೇಬಲ್ ಆರ್ಡರ್ ಮಾಡಿದೆ, ಅಂಗಡಿಯೋರು "ಪ್ರೊಫೆಷನಲ್ ಪಾಕೆಟ್ ಹಾಕ್ಕೊಡ್ತೀವಿ ಸಾರ್" ಅಂದ್ರು, ನಾನು ಎದೆ ಉಬ್ಬಿಸ್ಕೊಂಡು ಹೂಂ ಅಂದೆ. ಬಂದಿದ್ದು 4½ ಇಂಚು. ಹೆಂಡ್ತಿ, ಮಗಳು, ಪಕ್ಕದ್ಮನೆ ಹುಡುಗ್ರು ಎಲ್ಲ ಎರಡು ವಾರ ಆಡಿದ್ರು, ಹೊಡೆದಿದ್ದೆಲ್ಲ ಪಾಕೆಟ್ ಬಾಯಲ್ಲಿ ಟಕಟಕ ಅಂತ ಆ ಕಡೆ ಈ ಕಡೆ ಬಡಿದು ವಾಪಸ್ ಬರೋದು, ಮೂರನೇ ವಾರದಿಂದ ಟೇಬಲ್ ಮೇಲೆ ಒಗೆದ ಬಟ್ಟೆ ಮಡಚೋಕೆ ಶುರು ಆಯ್ತು. ಅಷ್ಟು ದೊಡ್ಡ, ಅಷ್ಟು ಮಟ್ಟಸವಾದ ಜಾಗ ಮನೇಲಿ ಇನ್ನೆಲ್ಲೂ ಇರ್ಲಿಲ್ಲ, ಅವರ ತಪ್ಪಲ್ಲ ಬಿಡಿ.

ಆಮೇಲೆ ಆ ಪಾಕೆಟ್ ಅಗಲ ಮಾಡ್ಸೋಕೆ ಹೋದಾಗ್ಲೇ ನಂಗೆ ಇದರ ಒಳಗುಟ್ಟೆಲ್ಲ ಗೊತ್ತಾಗಿದ್ದು. ಪಾಕೆಟ್ ಆಮೇಲೆ ಚಿಕ್ಕದು ಮಾಡೋದು ಸುಲಭ, ದೊಡ್ಡದು ಮಾಡೋದು ಕಷ್ಟ. ಇದೊಂದು ಮಾತು ತಲೇಲಿ ಇಟ್ಕೊಂಡು ಮುಂದೆ ಓದಿ.

ಆದ್ರೆ ಪಾಕೆಟ್‌ಗಿಂತ ಮುಂಚೆ ರೂಮ್. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ರೂಮ್ ಇದ್ದಷ್ಟು ಕ್ಯೂ (ಬಾಲ್ ಹೊಡೆಯೋ ಕೋಲು) ಚಾಚ್ಬೇಕು. ಜನ ಏನ್ ಮಾಡ್ತಾರೆ ಅಂದ್ರೆ 8 ಅಡಿ ಟೇಬಲ್ ತಾನೆ, ಸುತ್ತ ಓಡಾಡೋಕೆ ಎರಡೆರಡು ಅಡಿ ಬಿಟ್ರೆ ಆಯ್ತು ಅಂತ ಡೈನಿಂಗ್ ಟೇಬಲ್ ಲೆಕ್ಕ ಹಾಕ್ತಾರೆ. ಕ್ಯೂ 57-58 ಇಂಚು ಉದ್ದ ಇರತ್ತೆ, ಬಿಳಿ ಬಾಲ್ ಕುಶನ್‌ಗೆ (ಟೇಬಲ್ ಒಳ ಅಂಚಿನ ರಬ್ಬರ್ ಪಟ್ಟಿ) ಅಂಟ್ಕೊಂಡು ನಿಂತ್ರೆ ಹೆಚ್ಚುಕಮ್ಮಿ ಇಡೀ ಕ್ಯೂ ಟೇಬಲ್ ಹೊರಗಿರತ್ತೆ, ಹಿಂದಕ್ಕೆ ಎಳೆಯೋಕೂ ಜಾಗ ಬೇಕು, ಇಲ್ಲಾಂದ್ರೆ ಗೋಡೆ ಮೇಲೆ ಒಂದೇ ಎತ್ತರದಲ್ಲಿ ಸಾಲಾಗಿ ಗುಳಿ ಬೀಳತ್ತೆ. ಲೆಕ್ಕ ಸಿಂಪಲ್, ಕುಶನ್ ಮೂಗಿಂದ, ಅಂದ್ರೆ ಅದರ ಮುಂದಕ್ಕೆ ಚಾಚಿದ ಅಂಚಿಂದ, ಎದುರಿನ ಮೂಗಿಗೆ ಆಡೋ ಜಾಗ ಎಷ್ಟಿದ್ಯೋ ಅದಕ್ಕೆ ಎರಡು ಕ್ಯೂ ಉದ್ದ ಸೇರಿಸಿ. 58 ಇಂಚು ಕ್ಯೂಗೆ ಹೀಗೆ ಬರತ್ತೆ:

7 ಅಡಿ ಟೇಬಲ್, ಆಡೋ ಜಾಗ 78 × 39 ಇಂಚು, ರೂಮ್ 16 ಅಡಿ 2 ಇಂಚು × 12 ಅಡಿ 11 ಇಂಚು.
8 ಅಡಿ ಟೇಬಲ್, ಆಡೋ ಜಾಗ 88 × 44 ಇಂಚು, ರೂಮ್ 17 ಅಡಿ × 13 ಅಡಿ 4 ಇಂಚು.
9 ಅಡಿ ಟೇಬಲ್, ಆಡೋ ಜಾಗ 100 × 50 ಇಂಚು, ರೂಮ್ 18 ಅಡಿ × 13 ಅಡಿ 10 ಇಂಚು.

ಇದನ್ನ ಇನ್ನೊಂದ್ಸಲ ನೋಡಿ. 7 ಅಡಿಗೂ 9 ಅಡಿಗೂ ರೂಮ್ ಅಗಲದಲ್ಲಿ ವ್ಯತ್ಯಾಸ ಬರೀ 11 ಇಂಚು, ಉದ್ದದಲ್ಲಿ ಎರಡಡಿನೂ ಇಲ್ಲ. ಯಾಕಂದ್ರೆ ಜಾಗ ತಿನ್ನೋದು ಟೇಬಲ್ ಅಲ್ಲ, ಕ್ಯೂ. ಅದಕ್ಕೆ "ರೂಮ್ ಚಿಕ್ಕದು, 7 ಅಡಿ ತಗೊಂಡ್ಬಿಡ್ತೀನಿ" ಅನ್ನೋದು ಎಷ್ಟೋ ಸಲ ತಪ್ಪು ಲೆಕ್ಕ. 8 ಅಡೀನೇ ತಗೊಂಡು 52 ಇಂಚಿನ ಕ್ಯೂ ಇಟ್ಕೊಂಡ್ರೆ ಉದ್ದದಲ್ಲೂ ಅಗಲದಲ್ಲೂ ಒಂದೊಂದು ಅಡಿ ಉಳಿಯತ್ತೆ, 16 ಅಡಿ × 12 ಅಡಿ 4 ಇಂಚಲ್ಲಿ ಮುಗಿಯತ್ತೆ, ಅಂದ್ರೆ ಉದ್ದ ಕ್ಯೂ ಜೊತೆ 7 ಅಡಿ ಟೇಬಲ್‌ಗೆ ಬೇಕಾದ ಜಾಗಕ್ಕಿಂತ ಕಮ್ಮಿ! ಎಲ್ಲಾ ಕಡೆ ಜಾಗ ಇದ್ದು ಒಂದು ಪಿಲ್ಲರ್ ಮಾತ್ರ ಅಡ್ಡ ಬರ್ತಿದ್ರೆ ಆ ಜಾಗಕ್ಕೆ ಅಂತಾನೇ ಒಂದು 48 ಇಂಚಿನ ಮೊಂಡು ಕ್ಯೂ ಗೋಡೆಗೆ ನೇತಾಕಿ, ಮಕ್ಕಳಿಗೂ ಅದೇ ಆಗತ್ತೆ.

ಫ್ಲ್ಯಾಟ್ ಹಾಲ್ 20 × 12 ಇದೆ ಅಂದ್ಕೊಳ್ಳಿ, ಉದ್ದ ಬೇಕಾದಷ್ಟಿದೆ, ಅಗಲ ಸಾಲಲ್ಲ. ಅಲ್ಲಿ 7 ಅಡಿ ಟೇಬಲ್ + 52 ಇಂಚು ಕ್ಯೂ ಸರಿ ಹೊಂದತ್ತೆ, 11 ಅಡಿ 11 ಇಂಚು ಅಗಲ ಬೇಕು, ಒಂದು ಇಂಚು ಲಾಭ. ಸೋಫಾ ಎಲ್ಲಿಡ್ತೀರಾ ಅಂತ ನನ್ನ ಕೇಳ್ಬೇಡಿ. ಅಳತೆ ತಗೋವಾಗ ಗೋಡೆಯಿಂದ ಗೋಡೆಗೆ ಅಲ್ಲ, ಶೋಕೇಸ್, ವಾರ್ಡ್‌ರೋಬ್ ಹಿಡಿ, ಒಳಗೆ ತೆರೆಯೋ ಬಾಗಿಲು ಎಲ್ಲ ಬಿಟ್ಟು ಅಳೀರಿ.

ಸ್ನೂಕರ್ ಟೇಬಲ್ ಆಸೆ ಇರೋರಿಗೆ ಒಂದು ಮಾತು. ಬೆಂಗಳೂರಿನ ಪಂಕಜ್ ಅಡ್ವಾಣಿ ಹೆಸರು ಮಾಡಿದ್ದು ಬಿಲಿಯರ್ಡ್ಸ್ ಸ್ನೂಕರಲ್ಲಿ, ಸ್ನೂಕರ್ ಆಟ ಹುಟ್ಟಿದ್ದು 1875ರಲ್ಲಿ ಜಬಲ್ಪುರದಲ್ಲಿ, ಊಟಿ ಕ್ಲಬ್ ಹೆಸರೂ ಈ ಕಥೇಲಿ ಬರತ್ತೆ, ಹಾಗಾಗಿ ನಮ್ಮೋರಿಗೆ ಸ್ನೂಕರ್ ಅಂದ್ರೆ ಒಂದು ತೂಕ ಜಾಸ್ತಿ. ಆದ್ರೆ ಫುಲ್ ಸೈಜ್ 12 ಅಡಿ ಟೇಬಲ್‌ಗೆ ಸುಮಾರು 21½ × 15½ ಅಡಿ ರೂಮ್ ಬೇಕು. ಇದ್ರೆ ಸಂತೋಷ. ಇಲ್ಲಾಂದ್ರೆ "ಒಂದೇ ಟೇಬಲಲ್ಲಿ ಪೂಲೂ ಆಡಿ ಸ್ನೂಕರೂ ಆಡಿ" ಅಂತ ಮಾರ್ತಾರಲ್ಲ, ಅದಕ್ಕೆ ಬೀಳ್ಬೇಡಿ. ಪೂಲ್ ಬಾಲ್ 57.15 ಮಿಲಿಮೀಟರ್, ಸ್ನೂಕರ್ ಬಾಲ್ 52.5. ಕುಶನ್ ಮೂಗು ಎಷ್ಟು ಎತ್ತರದಲ್ಲಿ ಬಾಲ್‌ಗೆ ತಾಗ್ಬೇಕು ಅನ್ನೋದು ಬಾಲ್ ಸೈಜ್ ಮೇಲೆ ನಿಂತಿರತ್ತೆ, ಪೂಲಲ್ಲಿ ಬಾಲ್ ಎತ್ತರದ ಸುಮಾರು 63 ಪರ್ಸೆಂಟ್ ಹತ್ರ, ಸಣ್ಣ ಬಾಲ್ ಹಾಕಿದ್ರೆ ಆ ಲೆಕ್ಕ ತಪ್ಪಿ ಕುಶನ್ ಬಾಲನ್ನ ಮೇಲಿಂದ ಅದುಮತ್ತೆ, ಬೌನ್ಸ್ ಸತ್ತೋಗತ್ತೆ. ಪಾಕೆಟ್ ಬೇರೆ ಅದಕ್ಕೆ ಬಕೆಟ್ ಥರ ಕಾಣತ್ತೆ. ಉಲ್ಟಾ ಮಾಡಿದ್ರೆ, ಅಂದ್ರೆ ಮಿನಿ ಸ್ನೂಕರ್ ಟೇಬಲ್ ಮೇಲೆ ಪೂಲ್ ಬಾಲ್ ಇಟ್ರೆ, ದುಂಡಗಿನ ಕಿರಿದಾದ ಪಾಕೆಟ್‌ಗೆ ದಪ್ಪ ಬಾಲು, ಹೊಸಬರಿಗೆ ಒಂದೂ ಬೀಳಲ್ಲ. ಚೈನಾದ ಹೇಬಾಲ್ ಆಟ ಬೇಕಂತಲೇ ಹಂಗೆ, 9 ಅಡಿ ಟೇಬಲ್, ಸ್ನೂಕರ್ ಥರ ದುಂಡು ಪಾಕೆಟ್, ಪೂಲ್ ಬಾಲ್, ಆದ್ರೆ ಅದು ಆಡೋರು ದಿನಾ ಆರು ಗಂಟೆ ಆಡ್ತಾರೆ.

ಈಗ ಪಾಕೆಟ್‌ಗೆ ಬರೋಣ. ಪಾಕೆಟ್ ಸೈಜ್ ಅಂದ್ರೆ ಎರಡು ಕುಶನ್ ತುದಿಗಳ ನಡುವಿನ ಬಾಯಿ ಅಗಲ, ಕೆಳಗಿನ ತೂತಿನ ಅಗಲ ಅಲ್ಲ. ವಿಶ್ವ ಪೂಲ್ ಸಂಸ್ಥೆ ಡಬ್ಲ್ಯೂಪಿಎ ರೂಲಲ್ಲಿ ಕಾರ್ನರ್ ಪಾಕೆಟ್ 4½ ರಿಂದ 4⅝ ಇಂಚು, ಸೈಡ್ ಪಾಕೆಟ್ 5 ರಿಂದ 5⅛ ಇಂಚು. ಸೈಡ್ ಪಾಕೆಟ್ ಯಾಕೆ ಅರ್ಧ ಇಂಚು ಜಾಸ್ತಿ ಅಂದ್ರೆ ಅದಕ್ಕೆ ಬಾಲ್ ಓರೆಯಾಗಿ ಬಂದಷ್ಟೂ ಬಾಯಿ ಕಿರಿದಾಗಿ ಕಾಣತ್ತೆ, ಕಾರ್ನರ್ ಥರ ಎರಡು ಕುಶನ್ ಸೇರಿ ಒಳಗೆ ತಳ್ಳೋ ಸೌಲಭ್ಯ ಇಲ್ಲ. ಮನೆ ಬಳಕೆಗೆ ಅಂತ ಮಾಡೋ ಟೇಬಲ್‌ಗಳಲ್ಲಿ ಕಾರ್ನರ್ ಸಾಮಾನ್ಯವಾಗಿ 5 ಇಂಚಿನ ಆಸುಪಾಸು. ಮ್ಯಾಚ್‌ರೂಮ್ ಅನ್ನೋ ಕಂಪನಿ ನಡೆಸೋ ದೊಡ್ಡ ನೈನ್‌ಬಾಲ್ (ಒಂಬತ್ತು ಬಾಲ್ ಪೂಲ್) ಟೂರ್ನಿಗಳಲ್ಲಿ ಈಗ 4 ಇಂಚಿಗೆ ಇಳಿಸಿದ್ದಾರೆ, ಟಿವೀಲಿ ನೋಡಿ ಅದೇ ಬೇಕು ಅಂತ ಕೇಳೋರೂ ಇದಾರೆ.

5 ಇಂಚಿಗೂ 4½ ಇಂಚಿಗೂ ಏನ್ ಮಹಾ ವ್ಯತ್ಯಾಸ, ಅರ್ಧ ಇಂಚು ತಾನೆ ಅನ್ಸತ್ತೆ. ಅಲ್ಲೇ ಮೋಸ. ಬಾಲೇ 2¼ ಇಂಚು ಇದೆ, ಅದು ತಗೊಂಡ ಜಾಗ ಬಿಟ್ಟು ಉಳಿಯೋದೆಷ್ಟು ಅನ್ನೋದೇ ಲೆಕ್ಕ. 5 ಇಂಚಲ್ಲಿ ಉಳಿಯೋದು 2¾, 4½ ಅಲ್ಲಿ 2¼, 4 ಇಂಚಲ್ಲಿ 1¾. ಅಂದ್ರೆ 5 ರಿಂದ 4½ಗೆ ಬಂದ್ರೆ ನಿಮ್ಮ ತಪ್ಪಿಗೆ ಇರೋ ಅವಕಾಶ ಐದರಲ್ಲಿ ಒಂದು ಪಾಲಿನ ಹತ್ರ ಹೋಯ್ತು, ಇನ್ನರ್ಧ ಇಳಿದ್ರೆ ಅದಕ್ಕಿಂತ ಜಾಸ್ತಿ. ಇದರ ಮೇಲೆ ಕುಶನ್ ಪಕ್ಕದಲ್ಲೇ ಉಜ್ಕೊಂಡು ಹೋಗೋ ಶಾಟು ಬೇರೆ, ಅಗಲ ಪಾಕೆಟಲ್ಲಿ ತುದಿಗೆ ಸ್ವಲ್ಪ ತಾಗಿದ್ರೂ ಒಳಗೆ ಜಾರತ್ತೆ, ಬಿಗಿ ಪಾಕೆಟಲ್ಲಿ ಜೋರಾಗಿ ಹೊಡೆದ್ರೆ ಮುಖಕ್ಕೆ ಹೊಡೆದಂಗೆ ವಾಪಸ್ ಬರತ್ತೆ.

ಅಳೆಯೋಕೆ ಟೇಪೇ ಬೇಕಾಗಿಲ್ಲ. ಎರಡು ಬಾಲ್ ಒಂದಕ್ಕೊಂದು ತಾಗಿಸಿ ಕಾರ್ನರ್ ಬಾಯಲ್ಲಿ ಎರಡು ಮೂಗಿನ ನಡುವೆ ಇಡಿ. ಎರಡು ಸೇರಿ 4½ ಇಂಚು ತಾನೆ, ಸರಿಯಾಗಿ ಕೂತ್ರೆ 4½, ಪಕ್ಕದಲ್ಲಿ ಕಿರುಬೆರಳು ತೂರಿದ್ರೆ 5ರ ಹತ್ರ, ಎರಡು ಬಾಲ್ ಕೂರೋದೇ ಇಲ್ಲ ಅಂದ್ರೆ 4½ಗಿಂತ ಕಮ್ಮಿ. ಬಾಲ್ ಜೇಬಲ್ಲಿಟ್ಕೊಂಡೇ ಶೋರೂಮ್‌ಗೆ ಹೋಗಿ, ಅವರು ತೋರಿಸೋ ಕಾಗದಕ್ಕಿಂತ ಇದು ಸತ್ಯ ಹೇಳತ್ತೆ. ಆರೂ ಪಾಕೆಟ್ ಟೆಸ್ಟ್ ಮಾಡಿ, ಲೋಕಲ್ಲಾಗಿ ಮಾಡಿದ ಟೇಬಲಲ್ಲಿ ಒಂದು ಮೂಲೆ 4¾, ಇನ್ನೊಂದು ಮೂಲೆ 5⅛ ಇರೋದು ನಾನೇ ನೋಡಿದೀನಿ.

ಬಾಯಿ ಒಂದೇ ನೋಡಿದ್ರೂ ಸಾಲಲ್ಲ, ಗಂಟಲು ನೋಡ್ಬೇಕು, ಹೊಸಿಲೂ ನೋಡ್ಬೇಕು. ಎರಡೂ ತಾಂತ್ರಿಕ ವಿಷಯನೇ, ಆದ್ರೆ ಒಂದೇ ನಂಬರ್ ಇರೋ ಎರಡು ಟೇಬಲ್ ಬೇರೆ ಬೇರೆ ಥರ ಯಾಕೆ ಆಡ್ತವೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಗಂಟಲು ಅಂದ್ರೆ ಬಾಯಿಂದ ಒಳಗೆ ಹೋಗ್ತಾ ಪಾಕೆಟ್ ಎಷ್ಟು ಕಿರಿದಾಗತ್ತೆ ಅನ್ನೋದು. ಕಾರ್ನರಲ್ಲಿ ಕುಶನ್ ಕೊನೆಯನ್ನ 135 ಡಿಗ್ರಿಗೆ ಕೊಯ್ದ್ರೆ ಎರಡು ಗೋಡೆ ರೈಲ್ವೆ ಹಳಿ ಥರ ಸಮವಾಗಿ ಹೋಗತ್ತೆ, ರೂಲ್ ಪ್ರಕಾರ 142 ಡಿಗ್ರಿ, ಅಂದ್ರೆ ಒಳಗೆ ಹೋಗ್ತಾ ಸ್ವಲ್ಪ ಕಿರಿದಾಗತ್ತೆ. ಕೊಯ್ಯೋನು ಕೈ ಜಾರಿ ಇದಕ್ಕಿಂತ ಜಾಸ್ತಿ ಡಿಗ್ರಿಗೆ ಕೊಯ್ದ ಅಂದ್ರೆ ಬಾಯಿ 5 ಇಂಚು ಇದ್ರೂ ಗಂಟಲು ಹಿಡಿದು ಬಾಲ್ ಉಗಿಯತ್ತೆ. ಹೊಸಿಲು ಅಂದ್ರೆ ಬಾಯಿಂದ ತೂತಿನ ಅಂಚಿನವರೆಗೆ ಇರೋ ಸ್ಲೇಟ್ (ಬಟ್ಟೆ ಕೆಳಗಿನ ಹಾಸುಗಲ್ಲು) ಭಾಗ, ಕಾರ್ನರಲ್ಲಿ 1 ರಿಂದ 2¼ ಇಂಚಿನವರೆಗೆ ಇರ್ಬೋದು. ಹೊಸಿಲು ಉದ್ದ ಇದ್ದಷ್ಟೂ ಬಾಲ್ ಒಳಗೆ ಬಂದು ಆ ಗೋಡೆ ಈ ಗೋಡೆ ಬಡಿದು ಅಲ್ಲೇ ನಿಂತ್ಕೊಳ್ಳತ್ತೆ, ಎದುರಾಳಿ ಬಂದು ತಟ್ಟಿ ಬೀಳಿಸ್ತಾನೆ, ಮನೇಲಿ ಜಗಳ. 4½ ಬಾಯಿ ಜೊತೆ ಗಿಡ್ಡ ಹೊಸಿಲು ಇದ್ರೆ ಪರವಾಗಿಲ್ಲ ಅನ್ನೋ ಥರ ಆಡತ್ತೆ. ನನ್ನದು 4½ ಬಾಯಿ, ಉದ್ದ ಹೊಸಿಲು, ಎರಡೂ ಸೇರಿತ್ತು, ಅದಕ್ಕೇ ಆ ಟಕಟಕ.

ಟೇಬಲ್ ಉದ್ದನೂ ಪಾಕೆಟ್ಟೂ ಒಟ್ಟಿಗೆ ಯೋಚನೆ ಮಾಡಿ. 9 ಅಡೀಲಿ ಶಾಟ್ ಉದ್ದ, ಸಣ್ಣ ತಪ್ಪು ದೂರ ಹೋಗ್ತಾ ದೊಡ್ಡದಾಗತ್ತೆ, ಅಲ್ಲಿ 5 ಇಂಚು ಕೂಡ ಹೊಸಬರಿಗೆ ಕಷ್ಟ ಅನ್ಸತ್ತೆ. 7 ಅಡೀಲಿ ಎಲ್ಲ ಹತ್ರ ಹತ್ರ, ಅಲ್ಲಿ 5 ಇಂಚು ಅಂದ್ರೆ ಸ್ವಲ್ಪ ಆಡಕ್ಕೆ ಬರೋರಿಗೆ ಆರು ತಿಂಗಳಲ್ಲಿ ಬೋರ್, 4⅝ ಚೆನ್ನಾಗಿರತ್ತೆ. ಆದ್ರೆ 7 ಅಡೀಲಿ ಬಾಲ್‌ಗಳು ಒತ್ತಾಗಿ ನಿಂತು ದಾರಿ ಕಟ್ಟತ್ತೆ, ಹಾಗಾಗಿ ಚಿಕ್ಕ ಟೇಬಲ್ ಪೂರ್ತಿ ಸುಲಭ ಅಂತ ಅಂದ್ಕೋಬೇಡಿ, ಅದು ಬೇರೆ ಥರದ ಕಷ್ಟ. 8 ಅಡಿ ಈ ಎರಡರ ಮಧ್ಯೆ.

ಹಾಗಾದ್ರೆ ಯಾರು ಯಾವ್ದು ತಗೋಬೇಕು? ಮನೇಲಿ ಮಕ್ಕಳು, ಹಬ್ಬಕ್ಕೆ ಬರೋ ನೆಂಟರು, ವಾರಕ್ಕೊಂದ್ಸಲ ಫ್ರೆಂಡ್ಸು ಅನ್ನೋ ಮನೆಗೆ 8 ಅಡಿ, ಕಾರ್ನರ್ 4⅞ ರಿಂದ 5. ಕಣ್ಮುಚ್ಕೊಂಡು. 5⅛ ದಾಟಬಾರದು, ಅದಕ್ಕಿಂತ ಅಗಲ ಆದ್ರೆ ಹೆಂಗ್ ಹೊಡೆದ್ರೂ ಬೀಳತ್ತೆ, ಬಾಲ್ ಬಿದ್ದಿದ್ದು ತನ್ನ ಕೈಚಳಕದಿಂದ ಅಂತ ಹುಡುಗ್ರು ನಂಬಿ ಪಾರ್ಲರ್‌ಗೆ ಹೋಗಿ ದುಡ್ಡು ಕಳ್ಕೋತಾರೆ. ಮನೇಲಿ ಒಬ್ರು ಸೀರಿಯಸ್ಸಾಗಿ ಆಡ್ತಾರೆ, ಉಳಿದೋರು ಸುಮ್ನೆ ಆಡ್ತಾರೆ ಅಂದ್ರೆ 4¾, ಇದು ರಾಜಿ ಸೈಜು, ಯಾರಿಗೂ ಪೂರ್ತಿ ಖುಷಿ ಇಲ್ಲ, ಯಾರೂ ಆಟ ಬಿಟ್ಟೂ ಹೋಗಲ್ಲ. ಟೂರ್ನಮೆಂಟಿಗೆ ತಯಾರಾಗ್ತಿರೋ ಮಗ ಮಗಳು ಇದಾರೆ, ಬೇರೆ ಯಾರೂ ಆಡಲ್ಲ ಅಂದ್ರೆ 9 ಅಡಿ, 4½, ಎರಡನೇ ಮಾತಿಲ್ಲ. 4 ಇಂಚು ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಅದು ಬೇಕಾದೋರಿಗೆ ಈ ಲೇಖನ ಬೇಕಾಗಿಲ್ಲ.

ಆಮೇಲೆ ಚಿಕ್ಕದು ಮಾಡ್ಬೋದು ಅಂದ್ನಲ್ಲ, ಅದು ಹೆಂಗೆ ಅಂದ್ರೆ ಕುಶನ್ ತುದೀಲಿ ಪಾಕೆಟ್ ಒಳಮುಖಕ್ಕೆ ರಬ್ಬರ್ ಪಟ್ಟಿ ಅಂಟಿಸಿರ್ತಾರೆ, ಫೇಸಿಂಗ್ ಅಂತಾರೆ ಅದಕ್ಕೆ, ಅದನ್ನ ತೆಗೆದು ದಪ್ಪದ್ದು ಹಾಕಿದ್ರೆ ಎರಡೂ ಕಡೆಯಿಂದ ಸೇರಿ ಕಾಲು ಇಂಚು ತನಕ ಆರಾಮಾಗಿ ಬಿಗಿ ಮಾಡ್ಬೋದು. ಪಟ್ಟಿ ಮೇಲೆ ಪಟ್ಟಿ ಅಂಟಿಸ್ಕೊಂಡು ಹೋದ್ರೆ ಮಾತ್ರ ಅದು ಸ್ಪಂಜ್ ಆಗಿ ಬಾಲ್ ಸತ್ತಂಗೆ ಬೀಳತ್ತೆ, ಹಂಗೆ ಮಾಡಿಸ್ಬೇಡಿ. ದೊಡ್ಡದು ಮಾಡ್ಬೇಕು ಅಂದ್ರೆ ಒಳಗಿರೋ ಮರಾನೇ ಕೊಯ್ಯಬೇಕು, ಆರು ಕುಶನ್ ಬಿಚ್ಚಬೇಕು, ಬಟ್ಟೆ ಹೊಸದು ಹಾಕ್ಬೇಕು, ಕೋನ ತಪ್ಪದೇ ಇರೋ ಕೈ ಬೇಕು. ನಂಗೆ ಆ ಕೈ ಸಿಗೋಕೆ ಐದು ತಿಂಗಳು ಹಿಡೀತು, ಬಡಗಿ ಒಬ್ರು ಬಂದು ಟೇಬಲ್ ನೋಡಿ ತಲೆ ಕೆರ್ಕೊಂಡು ಕಾಫಿ ಕುಡಿದು ಹೋದ್ರು.

ಇನ್ನು ಹಾಸುಗಲ್ಲು. ಇಲ್ಲಿ ಸಿಗೋದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ, ಮಾರ್ಬಲ್, ಇಂಡಿಯನ್ ಸ್ಲೇಟ್, ಇಟಾಲಿಯನ್ ಸ್ಲೇಟ್. ಎಂಡಿಎಫ್ ಹಗುರ, ಆದ್ರೆ ತೇವ ಕುಡಿದು ಉಬ್ಬತ್ತೆ. ಮಂಗಳೂರು, ಉಡುಪಿ, ಕಾರವಾರ ಕಡೆಯೋರು, ಮಡಿಕೇರಿ ಆಗುಂಬೆ ಕಡೆಯೋರು ಅದರ ತಂಟೆಗೇ ಹೋಗ್ಬೇಡಿ, ಒಂದು ಮಳೆಗಾಲ ಸಾಕು, ಬಾಲ್ ತಾನಾಗೇ ಒಂದು ಮೂಲೆ ಹುಡುಕ್ಕೊಂಡು ಹೋಗತ್ತೆ. ಸ್ಲೇಟ್ ಮೂರು ತುಂಡಿಂದು, 1 ಇಂಚು ದಪ್ಪ ಕೇಳಿ. ಮೂರು ತುಂಡು ಯಾಕಂದ್ರೆ ಮೆಟ್ಟಿಲು ಹತ್ಸೋಕೆ ಆಗತ್ತೆ, ಕೂರಿಸೋವಾಗ ಒಂದೊಂದನ್ನೂ ಬೇರೆ ಬೇರೆ ಮಟ್ಟ ಮಾಡ್ಬೋದು, ಒಂದೇ ತುಂಡಿಂದು ಲಿಫ್ಟಿಗೆ ಹೋಗಲ್ಲ.

ಮೇಲ್ಗಡೆ ಇಟ್ರೆ ಸೀಲಿಂಗ್ ತಡೆಯತ್ತಾ ಅಂತ ಎಲ್ರೂ ಹೆದರ್ತಾರೆ. 8 ಅಡಿ ಸ್ಲೇಟ್ ಟೇಬಲ್ 350-450 ಕೇಜಿ ಬರತ್ತೆ, ಅದು ಮೂರೂವರೆ ಚದರ ಮೀಟರ್ ಹತ್ರ ಹರಡಿರತ್ತೆ, ಅಂದ್ರೆ ಚದರ ಮೀಟರಿಗೆ 130 ಕೇಜಿ ಒಳಗೇ. ಮನೆ ರೂಮ್‌ಗಳಿಗೆ ಐಎಸ್ 875 ಅನ್ನೋ ಕಟ್ಟಡದ ಭಾರದ ಭಾರತೀಯ ಮಾನದಂಡದ ಲೆಕ್ಕದಲ್ಲಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಸುಮಾರು 200 ಕೇಜಿ ಹೊರೋ ಥರ ಡಿಸೈನ್ ಮಾಡಿರ್ತಾರೆ. ಸರಿಯಾಗಿ ಕಟ್ಟಿದ ಆರ್‌ಸಿಸಿ ಆದ್ರೆ ನೆಮ್ಮದಿಯಾಗಿರಿ, ಹಳೇ ಮದ್ರಾಸ್ ತಾರಸಿ ಮನೆ ಆದ್ರೆ ಇಂಜಿನಿಯರ್ ಕರ್ಸಿ. ನಿಜವಾದ ತೊಂದ್ರೆ ಬರೋದು ಟೈಲ್ಸಿಗೆ, ಕಾಲಿನ ಕೆಳಗೆ ಟೊಳ್ಳು ಇದ್ರೆ ಟಪ್ ಅಂತ ಬಿರಿಯತ್ತೆ. ಮೊದಲೇ ನಾಣ್ಯದಲ್ಲಿ ತಟ್ಟಿ ಸದ್ದು ಕೇಳಿ ಜಾಗ ಗುರುತು ಮಾಡಿ. ಬಾಲ್ಕನಿ, ತಾರಸಿ ಮೇಲಿನ ಶೀಟ್ ಮನೆ ಇಲ್ಲೆಲ್ಲ ನೀರು ಹರೀಲಿ ಅಂತ ನೆಲಾನ ಇಳಿಜಾರು ಮಾಡಿರ್ತಾರೆ, ರಸಮಟ್ಟ ಇಟ್ಟು ನೋಡಿ. ಶೀಟ್ ಕೆಳಗಿನ ಬಿಸಿಗೆ ಕುಶನ್ ರಬ್ಬರ್ ಗಟ್ಟಿಯಾಗಿ ಹೋಗತ್ತೆ, ಅಲ್ಲಿ ಇಡ್ಲೇಬೇಡಿ ಅಂತೀನಿ ನಾನು.

ಬಟ್ಟೆ ಬಗ್ಗೆ ಒಂದೇ ಮಾತು, ಅದೂ ಪಾಕೆಟ್‌ಗೆ ಸಂಬಂಧ ಇರೋದಕ್ಕೆ. ಸಿಮೋನಿಸ್ 860 ಥರದ ನುಣುಪು ಬಟ್ಟೆ ಹೊಸದ್ರಲ್ಲಿ ಕುಶನ್ ತುದೀಲಿ ಜಾರುತ್ತೆ, ಬಾಲ್ ಸುಲಭವಾಗಿ ಒಳಗೆ ಹೋಗತ್ತೆ, ಕೆಲವು ತಿಂಗಳಾದ ಮೇಲೆ ಚಾಕ್ ಪುಡಿ ಕೂತು ಅದೇ ಪಾಕೆಟ್ ಬಿಗಿಯಾದಂಗೆ ಅನ್ಸತ್ತೆ. ಹೊಸ ಟೇಬಲಲ್ಲಿ ಮೊದಲ ತಿಂಗಳು ಚೆನ್ನಾಗಿ ಆಡ್ತಿದೀನಿ ಅಂತ ಬೀಗಿ ಫೇಸಿಂಗ್ ಬದಲಾಯಿಸ್ಬೇಡಿ, ಒಂದು ವರ್ಷ ಕಾಯಿರಿ.

ಡೈನಿಂಗ್ ಟೇಬಲ್ ಕಮ್ ಪೂಲ್ ಟೇಬಲ್ ಬಗ್ಗೆ ನನ್ನ ತಂಗಿ ಕೇಳಿದ್ಲು. ಪೂಲ್ ಟೇಬಲ್ ಆಡೋ ಮಟ್ಟ ನೆಲದಿಂದ 29¼ ರಿಂದ 31 ಇಂಚು, ಅದರ ಮೇಲೆ ಕುಶನ್, ಅದರ ಮೇಲೆ ಮುಚ್ಚೋ ಹಲಗೆ, ಊಟಕ್ಕೆ ಕೂತ್ರೆ ತಟ್ಟೆ ಎದೆ ಮಟ್ಟಕ್ಕೆ ಬರತ್ತೆ. ಎತ್ತರ ಇಳಿಸೋ ಮೆಕ್ಯಾನಿಸಮ್ ಇರೋದು ಸಿಗತ್ತೆ, ಆದ್ರೆ ಏರಿಸಿ ಇಳಿಸಿ ಲೆವೆಲ್ ಉಳಿಯಲ್ಲ, ಸಾರು ಚೆಲ್ಲಿದ್ರೆ ಬಟ್ಟೆ ಕಥೆ ಮುಗೀತು. ಬೇಡ ಅಂದೆ, ಅವಳು ತಗೊಂಡ್ಲು.

ಆರ್ಡರ್ ಕೊಡೋವಾಗ "ಪ್ರೊಫೆಷನಲ್ ಪಾಕೆಟ್", "ಸ್ಟ್ಯಾಂಡರ್ಡ್ ಪಾಕೆಟ್" ಅನ್ನೋ ಮಾತು ಒಪ್ಕೋಬೇಡಿ, ಬಿಲ್ ಮೇಲೆ ನಂಬರಲ್ಲಿ ಬರೆಸಿ: ಕಾರ್ನರ್ ಬಾಯಿ ಇಷ್ಟು, ಸೈಡ್ ಬಾಯಿ ಇಷ್ಟು, ಕಾರ್ನರ್ ಕಾರ್ನರ್‌ಗೆ, ಸೈಡ್ ಸೈಡ್‌ಗೆ ವ್ಯತ್ಯಾಸ ⅛ ಇಂಚು ದಾಟಬಾರದು, ಸ್ಲೇಟ್ 1 ಇಂಚು ಮೂರು ತುಂಡು, ಫೇಸಿಂಗ್ ದಪ್ಪ ಇಷ್ಟು. ಕೊನೇ ಕಂತು ದುಡ್ಡು ಕೈಯಲ್ಲೇ ಇಟ್ಕೊಳ್ಳಿ, ಅವರು ಬಂದು ಕೂರಿಸಿ ರಸಮಟ್ಟ ತೋರಿಸಿದ ಮೇಲೆ ಎರಡು ಬಾಲ್ ತಗೊಂಡು ನೀವೇ ಆರೂ ಬಾಯಿ ಸುತ್ತಿ ಬನ್ನಿ, ಆಮೇಲೆ ಮೆಲ್ಲಗೆ ಒಂದು ಬಾಲನ್ನ ಕುಶನ್ ಪಕ್ಕದಲ್ಲೇ ಉರುಳಿಸಿ ಬೀಳತ್ತಾ ನೋಡಿ, ನಾಲ್ಕೂ ಮೂಲೇಲಿ ಬಿದ್ರೆ ದುಡ್ಡು ಕೊಡಿ.